ನೀರು ಕುಡಿಸಲು ಹೋದವನು

ನಮ್ಮ ಮನೆಯ ಕಾಯಿಲೆಗಳಲ್ಲಿ ಗುಟ್ಟೆಂಬುದೇ ಇಲ್ಲ. ನನ್ನ ಮೊಣಕಾಲು ನೋವು ಎಡದ್ದೋ ಬಲದ್ದೋ ಎಂಬುದು ಬಿಲ್ಡಿಂಗಿನ ವಾಚ್‌ಮನ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಅಮ್ಮನ ಶುಗರ್ ಊಟಕ್ಕೆ ಮೊದಲು ಎಷ್ಟು, ಊಟದ ಮೇಲೆ ಎಷ್ಟು ಎಂಬ ಸುದ್ದಿ ಬೆಳಿಗ್ಗೆ ಡೊಂಬಿವಲಿಯಿಂದ ಹೊರಟರೆ ಮಧ್ಯಾಹ್ನದೊಳಗೆ ಕಲ್ಯಾಣದ ಚಿಕ್ಕಮ್ಮನನ್ನು ಮುಟ್ಟಿ, ಸಂಜೆಗೆ ವಾಶಿಯ ಅತ್ತೆಯ ಮನೆಯಲ್ಲಿ ಚಹಾ ಕುಡಿಯುತ್ತದೆ. ನನ್ನ ಮಲಬದ್ಧತೆಯ ಬಗ್ಗೆ ಎದುರು ಫ್ಲ್ಯಾಟಿನ ಮರಾಠಿ ಆಜಿ ಲಿಫ್ಟಿನೊಳಗೆ ಸವಿಸ್ತಾರವಾಗಿ ವಿಚಾರಿಸಿಕೊಂಡಿದ್ದಾರೆ, ಅದೂ ಸೊಸೈಟಿಯ ಸೆಕ್ರೆಟರಿಯ ಸಮ್ಮುಖದಲ್ಲಿ. ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ. ಹೇಳಿಕೊಳ್ಳಲು ನಿಮಗೆ ನಾಚಿಕೆ, ನನಗಿಲ್ಲ.

ಇಂಥ ಮನೆಯಲ್ಲೂ ಒಂದು ಕಾಯಿಲೆಯನ್ನು ಮಾತ್ರ ಹೆಂಗಸರೆಲ್ಲ ಸೇರಿ ವರ್ಷಗಟ್ಟಲೆ ನನ್ನಿಂದ ಮುಚ್ಚಿಟ್ಟಿದ್ದರು. ಅದರ ಗುಪ್ತನಾಮ ಉಷ್ಣ.

‘ಇವಳಿಗೆ ಉಷ್ಣ ಆಗಿದೆ’ ಎಂದು ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಪಿಸುಗುಟ್ಟಿದರೆ ನಾನು ಎದ್ದು ಹೋಗಿ ಫ್ಯಾನ್ ಜೋರು ಮಾಡುತ್ತಿದ್ದೆ. ಡೊಂಬಿವಲಿಯ ಮೇ ತಿಂಗಳಲ್ಲಿ ಯಾರಿಗೆ ತಾನೇ ಉಷ್ಣ ಆಗುವುದಿಲ್ಲ? ಆದರೆ ಇವಳಿಗೆ ಜನವರಿಯಲ್ಲೂ ಉಷ್ಣ, ಜಡಿಮಳೆಯಲ್ಲೂ ಉಷ್ಣ. ಆಗೆಲ್ಲ ಅಡುಗೆಮನೆಯಲ್ಲಿ ಬಾರ್ಲಿ ಬೇಯುವ ವಾಸನೆ. ಒಂದು ದಿನ ಸೋಸಿ ಆರಲು ಇಟ್ಟ ಬಾರ್ಲಿ ನೀರು ಕಣ್ಣಿಗೆ ಬಿತ್ತು. ರಿಟೈರ್ ಆದ ಯಜಮಾನನ ಮೇಲೆ ಅತ್ತೆ ಸೊಸೆಗೆ ಒಟ್ಟಿಗೇ ಪ್ರೀತಿ ಉಕ್ಕಿದೆ ಎಂದುಕೊಂಡು, ಲಿಂಬೆ ಹಿಂಡಿ, ಬೆಲ್ಲ ಕದಡಿ, ಪಾತ್ರೆ ಪೂರ್ತಿ ಖಾಲಿ ಮಾಡಿದೆ. ನಾಲ್ಕು ಒಳ್ಳೆಯ ಮಾತು ಬರಲೆಂದು ಪಾತ್ರೆ ತೊಳೆದೂ ಇಟ್ಟೆ.

‘ಅದು ಅವಳಿಗೆ ಮಾಡಿದ್ದು ಮಾರಾಯ! ನಿಂಗೆಂತ ಉರಿ?’ ಎಂದರು ಅಮ್ಮ. ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಒಂದು ಮಾತು ಸಾಕಿತ್ತು, ಬುದ್ಧಿ ಇದ್ದವನಿಗೆ. ನನಗೆ ಐರೋಲಿಯಲ್ಲಿ ಕೆಲಸ ಮಾಡುವ ಮಗಳು ಫೋನು ಮಾಡಿ ಬಿಡಿಸಿ ಹೇಳಬೇಕಾಯಿತು. ‘ಪಪ್ಪಾ, ಅಮ್ಮನಿಗೆ ಯೂರಿನ್ ಇನ್ಫೆಕ್ಷನ್ ಪದೇ ಪದೇ ಬರ್ತಾ ಉಂಟು. ಹೋಗುವಾಗ ಉರಿ, ಹೋಗಿ ಬಂದ ಕೂಡ್ಲೆ ಪುನಃ ಹೋಗ್ಬೇಕು ಅನ್ನಿಸುದು, ಕೆಳಹೊಟ್ಟೆ ನೋವು. ಅಜ್ಜಿಗೂ ಬಂದಿತ್ತು. ನಿಮಗೆ ಹೇಳುದು ಬೇಡ ಅಂದಿದ್ರು.’

‘ಯಾಕಂತೆ?’

‘ಹೇಳಿದ್ರೆ ನೀವು ಅದನ್ನೊಂದು ಪ್ರಾಜೆಕ್ಟ್ ಮಾಡ್ತೀರಂತೆ.’

ಎಂಥ ಅನ್ಯಾಯದ ಮಾತು! ಫೋನಿಟ್ಟ ಕೂಡಲೇ ಹೊಸ ನೋಟ್‌ಬುಕ್ ಒಂದನ್ನು ಹುಡುಕಿ ತೆಗೆದೆ.

ಮೊದಲು ಸಾಕ್ಷ್ಯ ಸಂಗ್ರಹ. ದೇವರ ಕೋಣೆಯ ಕಪಾಟಿನಲ್ಲಿ ಹಳೆಯ ಕಾಜು ಕತ್ಲಿ ಡಬ್ಬವೊಂದು ಸಿಕ್ಕಿತು. ಆಸೆಯಿಂದ ತೆರೆದರೆ ಒಳಗೆ ಅರ್ಧ ತಿಂದು ಬಿಟ್ಟ ಗುಳಿಗೆಗಳ ಪಟ್ಟಿಗಳು. ಅದು ಅಮ್ಮ ನಡೆಸುವ ಬ್ಯಾಂಕು. ಚಿಕ್ಕಮ್ಮನ ಗಂಟಲುನೋವಿನಲ್ಲಿ ಉಳಿದದ್ದು, ಮೇಲಿನ ಮಾಳಿಗೆಯವರ ಕಿವಿನೋವಿನಲ್ಲಿ ಮಿಕ್ಕಿದ್ದು, ಎಲ್ಲ ಇಲ್ಲಿ ಡಿಪಾಸಿಟ್. ಯಾರಿಗೇ ಉಷ್ಣವಾಗಲಿ, ಎರಡು ಹೊತ್ತಿನ ಸಾಲ ಮಂಜೂರು.

‘ಅಮ್ಮಾ, ಇದು ಆಂಟಿಬಯಾಟಿಕ್. ಗಂಟಲಿಂದು ಅಲ್ಲಿಗೆ ತಿನ್ನುದಾ?’

‘ಹೊಟ್ಟೆಗೆ ಇಳಿದ ಮೇಲೆ ಎಲ್ಲದಕ್ಕೂ ದಾರಿ ಒಂದೇ ಅಲ್ವ ಮಗಾ?’

ನಾನು ನಿಂತೇ ಭಾಷಣ ಮಾಡಿದೆ. ಬಾಯಿಗೆ ಬಂದ ಗುಳಿಗೆಯನ್ನು ಬಂದಷ್ಟು ನುಂಗಿ, ಉರಿ ನಿಂತಿತೆಂದು ಡಾಕ್ಟರ ಮಾತು ಮೀರಿ ನಡುವೆಯೇ ಬಿಟ್ಟರೆ ಕ್ರಿಮಿಗಳು ಔಷಧಕ್ಕೇ ಪಳಗುತ್ತವೆ, ಮುಂದಿನ ಸಲ ಅದೇ ಗುಳಿಗೆಗೆ ಕ್ಯಾರೇ ಅನ್ನುವುದಿಲ್ಲ ಎಂದೆ. ಹೆಂಡತಿ ಮಾತಾಡದೆ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿ, ಪಟ್ಟಿಗಳನ್ನು ಒಂದೊಂದಾಗಿ ವಿಂಗಡಿಸಿದಳು. ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಲೆಕ್ಕ ತಪ್ಪುವುದಿಲ್ಲ. ಅತಿ ದೊಡ್ಡ ಠೇವಣಿದಾರ ನಾನೇ. ಹಲ್ಲು ಕೀಳಿಸಿದಾಗಿನದ್ದು, ಕೆಮ್ಮಿನದ್ದು, ಕಾಲಿನ ಕುರುವಿನದ್ದು. ಒಂದು ಕೋರ್ಸೂ ಮುಗಿದಿರಲಿಲ್ಲ. ‘ಪಳಗಿಸಿದ್ದು ಯಾರೂಂತ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ ಮಾರಾಯ್ರೆ’ ಎಂದಳು.

ಲೇಡಿ ಡಾಕ್ಟರ ಬಳಿಗೆ ಹೋಗುವುದೆಂದು ತೀರ್ಮಾನವಾಯಿತು. ಆರು ತಿಂಗಳಲ್ಲಿ 2 ಸಲ, ಅಥವಾ ವರ್ಷದಲ್ಲಿ 3 ಸಲ ಬಂದರೆ ಅದು ಮರುಕಳಿಸುವ ಸೋಂಕು, ಸುಮ್ಮನೆ ಬಿಡುವಂಥದ್ದಲ್ಲ ಎಂದರು ಡಾಕ್ಟರು. ಇವಳು ಬೆರಳು ಮಡಚುತ್ತ ಎರಡನೆಯ ಕೈಗೆ ದಾಟಿದಳು. ನಾನು ನನ್ನ ಟಿಪ್ಪಣಿಗಳನ್ನು ಓದಲು ಕನ್ನಡಕ ಏರಿಸಿದೆ. ‘ಕಾಕಾ, ತುಮ್ಹೀ ಜರಾ ಬಾಹೇರ್ ಬಸಾ’ ಎಂದರು ಡಾಕ್ಟರು. ಹೊರಗೆ ಕೂತೆ. ಬಾಗಿಲಿಗೆ ಕಿವಿ ಕೊಟ್ಟದ್ದನ್ನು ಕಂಡು ರಿಸೆಪ್ಶನ್ನಿನ ಹುಡುಗಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದಳು, ಕಾಳಜಿಯಿಂದ ಎನ್ನುವ ಮುಖ ಮಾಡಿಕೊಂಡು.

ಕೊನೆಗೂ ನನಗೊಂದು ಅಧಿಕಾರ ಸಿಕ್ಕಿತು: ಯೂರಿನ್ ಕಲ್ಚರ್ ಮಾಡಿಸಲು ಬಾಟಲಿ ಸಾಗಿಸುವುದು. ಗುಳಿಗೆ ಶುರು ಮಾಡುವ ಮೊದಲೇ ಕೊಡಬೇಕು, ಮೊದಲಿನದನ್ನು ಹೋಗಲು ಬಿಟ್ಟು ನಡುವಿನದನ್ನು ಹಿಡಿಯಬೇಕು, ಬಾಟಲಿಯ ಒಳಗೆ ಕೈ ತಾಗಬಾರದು, ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಇಷ್ಟನ್ನೂ ಬಾಯಿಪಾಠ ಮಾಡಿದೆ. ಬಾಟಲಿಯನ್ನು ಹಾಗೇ ಒಯ್ದರೆ ಬಿಲ್ಡಿಂಗಿನ ಕಣ್ಣಿಗೆ ಬೀಳುತ್ತದೆಂದು ಸೋನ್‌ಪಾಪಡಿ ಡಬ್ಬದೊಳಗೆ ಇಟ್ಟು ಶೇರ್ ರಿಕ್ಷಾ ಹತ್ತಿದೆ. ಪಕ್ಕದ ಸೀಟಿನಲ್ಲಿ ನಮ್ಮ ಊರಿನವರೇ ಒಬ್ಬರು. ‘ಓಹೋ, ಎಂತ ವಿಶೇಷ? ಮಗಳದ್ದು ನಿಶ್ಚಯ ಆಯ್ತಾ?’ ಎನ್ನುತ್ತ ಡಬ್ಬದ ಕಡೆ ಕೈ ಚಾಚಿದರು. ನಾನು ಡಬ್ಬವನ್ನು ಎದೆಗೆ ಅವಚಿಕೊಂಡೆ. ಆ ಮನುಷ್ಯ ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಒಂದು ತುಂಡು ಸೋನ್‌ಪಾಪಡಿ ಕೊಡದ ಜಿಪುಣ!

ಲ್ಯಾಬಿಗೆ ಹೋದರೆ ಭಾನುವಾರ ಬೇಗ ಮುಚ್ಚಿದ್ದರು. ವಾಪಸು ಬಂದು, ನಿಯಮದ ಪ್ರಕಾರ ಡಬ್ಬವನ್ನು ಫ್ರಿಜ್ಜಿನಲ್ಲಿ, ಇಡ್ಲಿ ಹಿಟ್ಟಿಗೂ ಮೊಸರಿಗೂ ನಡುವೆ ಇಟ್ಟು, ಸಮಾಧಾನದಿಂದ ಮಲಗಿದೆ. ಮಧ್ಯಾಹ್ನ ಅಮ್ಮನಿಗೆ ಸಿಹಿ ತಿನ್ನುವ ಆಸೆಯಾಯಿತು. ಶುಗರ್ ಇರುವುದರಿಂದ ಯಾರಿಗೂ ತಿಳಿಯದ ಹಾಗೆ ತಿನ್ನುವುದು ಅವರ ಪದ್ಧತಿ.

ಆ ಕೂಗಿಗೆ ನಾನು ಮಂಚದಿಂದ ಇಳಿಯಲಿಲ್ಲ, ಬಿದ್ದೆ. ಹಿಟ್ಟು ಮೋರಿಗೆ ಹೋಯಿತು, ಮೊಸರು ಹೋಯಿತು, ಊರಿನಿಂದ ಬಂದ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಹೋಯಿತು. ಫ್ರಿಜ್ಜನ್ನು ನಾನೇ ಮೂರು ನೀರಿನಲ್ಲಿ ತೊಳೆದೆ. ‘ಲ್ಯಾಬಿನವರೇ ಫ್ರಿಜ್ಜಿನಲ್ಲಿಡಿ ಅಂದದ್ದಮ್ಮಾ’ ಎಂದರೆ, ‘ಅವರ ಫ್ರಿಜ್ಜಿನಲ್ಲಿಡಲಿ’ ಎಂದರು. ಆ ಗಲಾಟೆಯಲ್ಲಿ ಬಾಟಲಿಯೂ ಮೋರಿ ಸೇರಿತ್ತು. ಮರುದಿನ ಮತ್ತೆ ಮೊದಲಿಂದ.

ರಿಪೋರ್ಟು ಬರಲು ಎರಡು ದಿನ ಬೇಕಾಯಿತು. ಅಪರಾಧಿ ಇ. ಕೊಲೈ. 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಶೆರಿಚ್ ಮಕ್ಕಳ ಮಲದಲ್ಲಿ ಕಂಡುಹಿಡಿದ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲಿ ಸಾಧುವಾಗಿ ಸಂಸಾರ ಮಾಡಿಕೊಂಡಿರುತ್ತದೆ, ಪಕ್ಕದ ಮನೆಗೆ ನುಗ್ಗಿದಾಗಲೇ ತಕರಾರು. ಮೂತ್ರದ ಸೋಂಕಿನಲ್ಲಿ ಬಹುಪಾಲು ಇದರದ್ದೇ ಕೈವಾಡ. ಆದ್ದರಿಂದಲೇ ತೊಳೆಯುವುದು ಒರೆಸುವುದು ಮುಂದಿನಿಂದ ಹಿಂದಕ್ಕೆ ಆಗಬೇಕೇ ಹೊರತು ಹಿಂದಿನಿಂದ ಮುಂದಕ್ಕಲ್ಲ. ಇದನ್ನು ಮನೆಮಂದಿಗೆ ವಿವರಿಸಲು ನಾನು ಚಿತ್ರ ಬರೆದೆ. ‘ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದ್ದು ಸುಮಾರು 20. ಕ್ರಿಮಿ ನಮ್ಮಲ್ಲಿ ಅಷ್ಟು ದೂರ ಹತ್ತಿ ಬರುವುದರೊಳಗೆ ಸೋತುಹೋಗುತ್ತದೆ’ ಎಂದೆ. ದನಿಯಲ್ಲಿ ಸ್ವಲ್ಪ ಗರ್ವ ಇತ್ತೇನೋ. ನಾಳದ ಉದ್ದಕ್ಕೆ ನಾನು ಪಟ್ಟ ಶ್ರಮವೇನೂ ಇರಲಿಲ್ಲವಾದರೂ.

‘ಅಷ್ಟುದ್ದ ಇಟ್ಟುಕೊಂಡವರು ರಾತ್ರಿಯಿಡೀ ಎದ್ದೆದ್ದು ಹೋಗಿ ಲೈಟ್ ಹಾಕುದೆಂತಕ್ಕೆ?’ ಎಂದಳು ಇವಳು. ಪ್ರಾಸ್ಟೇಟ್ ಎಂಬ ಗ್ರಂಥಿಯ ಕುರಿತು ಉಪನ್ಯಾಸ ಕೊಡುವ ಉತ್ಸಾಹ ನನಗೆ ಬರಲಿಲ್ಲ.

ಎರಡನೆಯ ಭೇಟಿಯಲ್ಲಿ ಡಾಕ್ಟರು ನನ್ನನ್ನೂ ಒಳಗೆ ಕರೆದರು, ಮಾತಾಡಬಾರದೆಂಬ ಷರತ್ತಿನ ಮೇಲೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಅಲ್ಲಿನ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಅದು ಕಾಪಾಡುತ್ತಿದ್ದ ಹುಳಿಯೂ ಹೋಗುತ್ತದೆ. ಇ. ಕೊಲೈಗೆ ಬಾಗಿಲು ತೆರೆದ ಮನೆ. ಅರುವತ್ತರ ಆಸುಪಾಸಿನಲ್ಲಿ ಇದು ಮತ್ತೆ ಮತ್ತೆ ಬರುವುದು ಅದಕ್ಕೇ. ಕೊಳಕಿನಿಂದಲ್ಲ, ಉಷ್ಣದಿಂದಲೂ ಅಲ್ಲ. ಶುಗರ್ ಹತೋಟಿ ತಪ್ಪಿದರೆ, ಮಲ ಕಟ್ಟಿದರೆ, ಮೂತ್ರಚೀಲ ಪೂರ್ತಿ ಖಾಲಿಯಾಗದಿದ್ದರೆ ಇನ್ನಷ್ಟು. ಅದಕ್ಕೊಂದು ಕ್ರೀಮು ಇದೆ, ಕಡಿಮೆ ಪ್ರಮಾಣದ ಈಸ್ಟ್ರೋಜನ್ನಿನದು. ಒಳಗೆ ಹಚ್ಚಿಕೊಳ್ಳುವುದು, ಮೊದಲು ದಿನವೂ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಗುಣ ಕಾಣಲು ವಾರಗಳೇ ಹಿಡಿಯುತ್ತವೆ, ಆದರೆ ಸೋಂಕು ಮರುಕಳಿಸುವುದು ಕಡಿಮೆಯಾಗುತ್ತದೆ. ಸ್ತನದ ಕ್ಯಾನ್ಸರ್ ಆಗಿದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಬಂದರೆ ಬಾರ್ಲಿ ಬೇಯಿಸುತ್ತ ಕೂರದೆ ಅದೇ ದಿನ ಬರಬೇಕು.

ಲ್ಯಾಕ್ಟೋಬ್ಯಾಸಿಲಸ್ ಎಂದರೆ ಮೊಸರಿನ ಬಳಗದ್ದು ಎಂಬ ನನ್ನ ಮಾತಷ್ಟನ್ನು ಹಿಡಿದ ಅಮ್ಮ ಮೂರು ಹೊತ್ತೂ ಮೊಸರು ಬಡಿಸತೊಡಗಿದರು. ತಿಂದರೆ ಕೆಟ್ಟದ್ದೇನಿಲ್ಲ, ಆದರೆ ಕ್ರೀಮಿನ ಕೆಲಸ ಮೊಸರು ಮಾಡುವುದಿಲ್ಲ ಎಂದರು ಡಾಕ್ಟರು. ಅಮ್ಮ ಒಪ್ಪಲಿಲ್ಲ. ಮೊಸರು ತಿಂದು ನೆಗಡಿಯಾದದ್ದು ನನಗೆ.

ಕ್ರೀಮು ತರುವ ಕೆಲಸವೂ ನನ್ನದೇ. ಕೆಮಿಸ್ಟ್ ಅಂಗಡಿಯಲ್ಲಿ ಸಂಜೆಯ ಗದ್ದಲ. ಹುಡುಗ ಚೀಟಿ ನೋಡಿ ಇಡೀ ಅಂಗಡಿಗೆ ಕೇಳುವ ಹಾಗೆ ‘ಕಾಕಾ, ಹೇ ಕೋಣಾಸಾಠೀ?’ ಎಂದ. ಹಿಂದೆ ನಮ್ಮ ಸೆಕ್ರೆಟರಿ ನಿಂತಿದ್ದರು. ಮೂವತ್ತು ವರ್ಷ ಆಫೀಸಿನಲ್ಲಿ ಕಾಪಾಡಿಕೊಂಡ ಘನತೆ ಗಂಟಲಿಗೆ ಬಂತು. ‘ಕಂಬರೇಸಾಠೀ’ ಎಂದೆ, ನನ್ನದೇ ಸೊಂಟ ಮುಟ್ಟಿ ತೋರಿಸುತ್ತ. ಹುಡುಗ ಪ್ರಾಮಾಣಿಕ. ಇದು ಸೊಂಟಕ್ಕೆ ಹಚ್ಚುವುದಲ್ಲ, ಎಲ್ಲಿಗೆ ಹಚ್ಚುವುದು ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ವಿವರಿಸಿದ, ಜೊತೆಗೆ ಕೊಡುವ ಕೊಳವೆಯನ್ನು ಎತ್ತಿ ಹಿಡಿದು. ಸೆಕ್ರೆಟರಿ ನನ್ನ ಸೊಂಟವನ್ನೇ ನೋಡುತ್ತಿದ್ದರು.

ಉಳಿದದ್ದು ನೀರು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ಧಾರಾಳವಾಗಿ ಕುಡಿಯಬೇಕು, ಬಂದದ್ದನ್ನು ತಡೆಹಿಡಿಯಬಾರದು ಎಂದಿದ್ದರು ಡಾಕ್ಟರು. ಇದು ನನ್ನ ಕ್ಷೇತ್ರ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನವನ್ನು ಊಟದ ಹೊತ್ತಿಗೆ ಮಂಡಿಸಿದೆ: ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುವ 140 ಹೆಂಗಸರು, ಅವರಲ್ಲಿ ಅರ್ಧದಷ್ಟು ಮಂದಿ ವರ್ಷವಿಡೀ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದರು, ಸೋಂಕು ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಇವಳು ಫೋನು ಕಸಿದು ಓದಿ, ‘ಇದರಲ್ಲಿ ಎಲ್ಲರೂ ಮುಟ್ಟು ನಿಲ್ಲದವರು. ನನ್ನನ್ನು ಅಷ್ಟು ಪ್ರಾಯದವಳು ಅಂತ ತಿಳ್ಕೊಂಡಿದ್ರೆ ಥ್ಯಾಂಕ್ಸ್’ ಎಂದಳು. ಡಾಕ್ಟರ ಮಾತೇ ಸಾಕೆಂದು ಅಧ್ಯಯನವನ್ನು ಹಿಂತೆಗೆದುಕೊಂಡೆ.

ಗೆರೆ ಹಾಕಿದ ಬಾಟಲಿ ತಂದೆ. ಗಂಟೆಗೊಮ್ಮೆ ಚೆಂಡೆ ಬಾರಿಸುವ ಅಲಾರಂ ಇಟ್ಟೆ. ಚೆಂಡೆಯ ಸದ್ದಿಗೆ ಹೆಂಡತಿ ಬಾಟಲಿ ಹಿಡಿದು ಬಾಲ್ಕನಿಗೆ ಹೋಗಿ ಬರುತ್ತಿದ್ದಳು, ಗೆರೆ ಇಳಿಯುತ್ತಿತ್ತು, ನಾನು ನೋಟ್‌ಬುಕ್‌ನಲ್ಲಿ ಗ್ರಾಫ್ ಏರಿಸುತ್ತಿದ್ದೆ. ಇಷ್ಟು ಸುಲಭವಾಗಿ ಗೆದ್ದೆನಲ್ಲ ಎಂದು ಮಗಳಿಗೆ ಫೋಟೋ ಕಳಿಸಿದೆ. ‘ಪಪ್ಪಾ, ಹಿಂದೆ ಕಾಣ್ತಿರುದು ನಮ್ಮ ಕರಿಬೇವಿನ ಗಿಡವಾ? ಅಷ್ಟು ದೊಡ್ಡದಾಗಿದೆಯಾ?’ ಎಂದು ಅವಳು ಕೇಳಿದಾಗಲೇ ನನಗೆ ಅನುಮಾನ ಬಂದದ್ದು.

‘ಮತ್ತೆಂತ ಮಾಡ್ಲಿ?’ ಎಂದಳು ಇವಳು, ಸಿಕ್ಕಿಬಿದ್ದ ಮೇಲೂ ತಣ್ಣಗೆ. ‘ವಾಶಿಗೆ ಹೋಗುವ ದಿನವೂ ನಿಮ್ಮ ಚೆಂಡೆ ಬಾರಿಸಿದ್ರೆ ಕುಡಿದದ್ದು ಎಲ್ಲಿ ಬಿಡುದು? ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಹಿಡಿಯುದಾ, ಲೈನಿನಲ್ಲಿ ನಿಲ್ಲುದಾ?’

ಇದಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಉತ್ತರ ಇರಲಿಲ್ಲ. ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿದ್ದು 1853ರ ಏಪ್ರಿಲ್ 16ರಂದು; ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಷ್ಟು ಹಳೆಯ ದಾರಿಯ ಮೇಲೆ ಈಗ ಎ.ಸಿ. ಲೋಕಲ್ ಬಂದಿದೆ, ತಾನೇ ಮುಚ್ಚಿಕೊಳ್ಳುವ ಬಾಗಿಲು ಬಂದಿದೆ, ಲೋಕಲಿಗೆ ಕಕ್ಕಸು ಬಂದಿಲ್ಲ. ಫೋರ್ಟಿನ ಬ್ಯಾಂಕಿಗೆ ದಿನವೂ ಡೊಂಬಿವಲಿಯಿಂದ ಹೋಗಿ ಬಂದವಳು ಇವಳು. ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ಲೇಡೀಸ್ ಡಬ್ಬಿಯಲ್ಲಿ ನಿಂತು ಪ್ರಯಾಣ, ಕೌಂಟರಿನಲ್ಲಿ ಕೂತು ದಿನ, ಮತ್ತೆ ನಿಂತು ಪ್ರಯಾಣ. ನೀರಿನ ಬಾಟಲಿ ಬ್ಯಾಗಿನಲ್ಲಿ ಇರುತ್ತಿತ್ತು, ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಅದೇ ವರ್ಷಗಳಲ್ಲಿ ಅದೇ ರೈಲಿನಲ್ಲಿ ನಾನೂ ಹೋಗಿಬಂದೆ. ನಮಗೆ ಗಂಡಸರಿಗೆ ಊರಿಡೀ ಗೋಡೆಗಳಿದ್ದವು.

ಅಮ್ಮನದ್ದು ಅದಕ್ಕಿಂತ ಹಳೆಯ ತರಬೇತಿ. ಮದುವೆಯಾಗಿ ಅವರು ಬಂದಿಳಿದದ್ದು ಡೊಂಬಿವಲಿಯ ಚಾಳಿಗೆ. ಗ್ಯಾಲರಿಯ ಕೊನೆಯಲ್ಲಿ ಇಡೀ ಮಾಳಿಗೆಗೆ ಸೇರಿದ ಸಂಡಾಸು, ಕೈಯಲ್ಲಿ ಬಾಲ್ದಿ, ಮುಂದೆ ಸರತಿ, ಅಕ್ಕಪಕ್ಕ ಹಲ್ಲುಜ್ಜುವ ಗಂಡಸರು. ‘ಕತ್ತಲೆಗೆ ಮೊದಲು ಒಮ್ಮೆ, ಕತ್ತಲೆಯಾದ ಮೇಲೆ ಒಮ್ಮೆ. ನಡುವೆ ಬಂದರೆ ಬರಲಿಲ್ಲ ಅಂತ ತಿಳ್ಕೊಳ್ಳುದು’ ಎಂದರು. ಈ ಮಟ್ಟದ ಸಂಯಮಕ್ಕೆ ಎದುರಾಗಿ ನಾನು ತಂದಿದ್ದು ಗೆರೆ ಹಾಕಿದ ಬಾಟಲಿ.

2011ರಲ್ಲಿ ಮುಂಬಯಿಯ ಸಂಘಟನೆಗಳು ‘ರೈಟ್ ಟು ಪೀ’ ಎಂಬ ಚಳವಳಿ ಕಟ್ಟಿದಾಗ ಅದನ್ನು ಪೇಪರಿನಲ್ಲಿ ಓದಿ ನಕ್ಕವರಲ್ಲಿ ನಾನೂ ಒಬ್ಬ. ಸಾರ್ವಜನಿಕ ಮೂತ್ರಾಲಯದಲ್ಲಿ ಗಂಡಸರಿಗೆ ಪುಕ್ಕಟೆ, ಹೆಂಗಸರಿಂದ ಮಾತ್ರ ದುಡ್ಡು ತೆಗೆದುಕೊಳ್ಳುತ್ತಾರೆ ಎಂಬುದು ಅವರ ತಕರಾರುಗಳಲ್ಲೊಂದು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ಮಹಾರಾಷ್ಟ್ರದ ಮಹಾನಗರಪಾಲಿಕೆಗಳಿಗೆ ಹೆಂಗಸರಿಗಾಗಿ ಚೊಕ್ಕಟವಾದ, ಸುರಕ್ಷಿತವಾದ ಶೌಚಾಲಯ ಒದಗಿಸಬೇಕೆಂದು ತಾಕೀತು ಮಾಡಿತು. ಇದನ್ನು ನಾನು ಹೇಳಿದೆ. ‘ಗೊತ್ತುಂಟು’ ಎಂದಳು ಇವಳು. ‘ಆ ದಿನ ಪೇಪರ್ ಓದಿ ನಿಮಗೆ ಹೇಳಿದ್ದೇ ನಾನು. ನೀವು ಕ್ರಿಕೆಟ್ ನೋಡ್ತಾ ಇದ್ರಿ.’

ನಡುವೆ ಕ್ರ್ಯಾನ್‌ಬೆರಿ ಪ್ರಕರಣವೂ ನಡೆಯಿತು. ಮೊದಲು ಪ್ರಯೋಜನವಿಲ್ಲ ಎಂದಿದ್ದ ಕಾಕ್ರೇನ್ ಪರಿಶೀಲನೆ 2023ರಲ್ಲಿ ಮಾತು ಬದಲಿಸಿ, ಪದೇ ಪದೇ ಸೋಂಕಾಗುವ ಹೆಂಗಸರಿಗೆ ಕ್ರ್ಯಾನ್‌ಬೆರಿ ಸ್ವಲ್ಪ ಕಾಪಾಡೀತು ಎಂದದ್ದನ್ನು ಓದಿ, ಥಾಣೆಯ ಮಾಲ್ ಒಂದರಿಂದ ಒಣಗಿಸಿದ ಹಣ್ಣು ತಂದೆ. ಬಿಲ್ಲನ್ನು ದಾರಿಯಲ್ಲೇ ಹರಿದು ಹಾಕಿದೆ. ಅಮ್ಮ ಒಂದನ್ನು ಬಾಯಿಗೆ ಹಾಕಿ ನಾಲಿಗೆಯ ಮೇಲೆ ಹೊರಳಿಸಿ, ‘ಕರಂಡೆ ಕಾಯಿ’ ಎಂದು ತೀರ್ಪು ಕೊಟ್ಟರು. ‘ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಬಳಿದಿದ್ದಾರೆ. ನಮ್ಮ ಗುಡ್ಡೆಯಲ್ಲಿ ದನ ತಿನ್ನುದಿಲ್ಲ ಇದನ್ನು.’ ಕ್ರ್ಯಾನ್‌ಬೆರಿಯೇ ಹೌದೆಂದು ಸಾಧಿಸಲು ಪ್ಯಾಕೆಟ್ಟಿನ ಮೇಲಿನ ಅಕ್ಷರ ಓದಿದೆ. ಮೊದಲು ಸಿಕ್ಕಿದ್ದು ಸಕ್ಕರೆಯ ಪ್ರಮಾಣ. ಅದನ್ನು ಅಮ್ಮನ ಕೈಗೆ ಎಟುಕದಲ್ಲಿ ಅಡಗಿಸಿಡಬೇಕಾಯಿತು.

ಇನ್ನೊಂದು ಸಲ, ಪ್ಯಾಕೇಜ್ ಚೆಕಪ್ಪಿನಲ್ಲಿ ಅಮ್ಮನ ಮೂತ್ರದಲ್ಲೂ ಬ್ಯಾಕ್ಟೀರಿಯಾ ಎಂದು ಬಂದಾಗ ನಾನು ರಿಪೋರ್ಟು ಹಿಡಿದು ಕ್ಲಿನಿಕ್ಕಿಗೆ ಓಡಿದೆ. ‘ಅಜ್ಜಿಗೆ ಉರಿ, ಜ್ವರ, ತೊಂದರೆ ಏನಾದರೂ?’ ಎಂದು ಕೇಳಿದರು ಡಾಕ್ಟರು. ಏನೂ ಇರಲಿಲ್ಲ. ವಯಸ್ಸಾದವರಲ್ಲಿ ಹಾಗೆ ಸುಮ್ಮನೆ ಕಾಣುವುದುಂಟು, ಕಷ್ಟವಿಲ್ಲದಿದ್ದರೆ ಗುಳಿಗೆ ಕೊಡಬಾರದು ಎಂದು ರಿಪೋರ್ಟು ಮಡಚಿ ಕೊಟ್ಟರು. ಫೀಸು ಮಾತ್ರ ಪೂರ್ತಿ.

ಹೀಗೆ ಪ್ರತಿ ರಂಗದಲ್ಲೂ ಸೋತು ಕೂತಿದ್ದಾಗ ಹೆಂಗಸರು ತಮ್ಮಷ್ಟಕ್ಕೆ ತಾವೇ ಏನೋ ಏರ್ಪಾಡು ಮಾಡಿಕೊಂಡರು. ಕ್ರೀಮು ತಪ್ಪಲಿಲ್ಲ. ವಾಶಿಯ ಅತ್ತೆಗೂ ಇದೇ ಉಷ್ಣವೆಂದು ಹೊರಬಿತ್ತು, ಚಿಕ್ಕಮ್ಮನಿಗೂ. ನಾಲ್ವರೂ ಫೋನಿನಲ್ಲಿ ಈಗ ಪಿಸುಗುಡದೆ, ಯಾವ ಸ್ಟೇಶನ್ನಿನ, ಯಾವ ಮಾಲಿನ, ಯಾವ ಹಾಲಿನ ಕಕ್ಕಸು ಹೇಗಿದೆ, ಚಿಲಕ ಉಂಟೋ, ನೀರು ಬರುತ್ತದೋ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಜಾಗ ಖಾತ್ರಿಯಾದರೆ ಹೊರಡುವ ಮೊದಲು ಗಟಗಟನೆ ನೀರು ಕುಡಿಯುತ್ತಾರೆ. ನನ್ನ ಚೆಂಡೆಗೆ ಕೆಲಸವಿಲ್ಲ.

ಮೊನ್ನೆ ಕಲ್ಯಾಣದಲ್ಲಿ ಮದುವೆ. ಹಿಂದೆಲ್ಲ ಮದುವೆಯೆಂದರೆ ಅಮ್ಮ ಹಿಂದಿನ ರಾತ್ರಿಯಿಂದಲೇ ನಿರ್ಜಲ. ಈ ಸಲ ಹಾಲಿಗೆ ಕಾಲಿಟ್ಟವರೇ ಮದುಮಗಳ ತಂದೆಗೆ ‘ಮಂಟಪ ಆಮೇಲೆ ನೋಡುವ, ಮೊದಲು ಹೆಂಗಸರ ಕಕ್ಕಸು ಎಲ್ಲುಂಟು ತೋರಿಸು’ ಎಂದರು. ಪರಿಶೀಲನೆ ಮುಗಿಸಿ ಬಂದು ವರದಿ ಕೊಟ್ಟರು: ನೀರು ಉಂಟು, ಬೆಳಕು ಉಂಟು, ಹೊರಗಿನ ಬಾಗಿಲಿಗೆ ಚಿಲಕ ಇಲ್ಲ. ನಾಲ್ವರೂ ಒಟ್ಟಿಗೇ ನನ್ನ ಕಡೆ ನೋಡಿದರು.

ಹೊಸ ರೇಷ್ಮೆ ಜುಬ್ಬಾ ಹಾಕಿದ್ದೆ. ಹುಡುಗನ ಕಡೆಯವರಲ್ಲಿ ಒಬ್ಬರು ನಿವೃತ್ತ ಜಡ್ಜ್ ಇದ್ದಾರೆಂದು ತಿಳಿದು ಮಾತಿಗೆ ನಾಲ್ಕು ವಿಷಯ ತಯಾರು ಮಾಡಿಕೊಂಡಿದ್ದೆ. ಜಡ್ಜ್ ಬರುವಾಗ ನಾನು ಒಂದು ಕೈಯಲ್ಲಿ ಬಾಗಿಲಿನ ಹಿಡಿ ಎಳೆದು ಹಿಡಿದು, ಇನ್ನೊಂದು ಹೆಗಲಿಗೆ ನಾಲ್ಕು ವ್ಯಾನಿಟಿ ಬ್ಯಾಗು ತೂಗಿಕೊಂಡು ನಿಂತಿದ್ದೆ. ಕೈ ಮುಗಿಯಲಾಗದೆ ತಲೆ ಬಾಗಿಸಿದೆ. ಅವರು ಗಂಡಸರದ್ದು ಎಲ್ಲಿ ಎಂದು ಕೇಳಿದರು. ಬಲಕ್ಕೆ ಎಂದು ಗಲ್ಲದಿಂದ ತೋರಿಸಿದೆ. ಸುದ್ದಿ ಹಬ್ಬಿ ಸರತಿ ಬೆಳೆಯಿತು. ಒಳಗೆ ಮುಹೂರ್ತದ ಗಟ್ಟಿಮೇಳ, ಹೊರಗೆ ‘ಗಟ್ಟಿ ಹಿಡೀರಿ’. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ಹೋಳಿಗೆ ಮುಗಿಯಿತಂತೆ.

ಹುಡುಗನ ಕಡೆಯ ಒಬ್ಬ ಹಿರಿಯ ಮರಾಠಿ ಹೆಂಗಸು ಹೊರಗೆ ಬಂದು, ನನ್ನನ್ನು ಮೆಚ್ಚುಗೆಯಿಂದ ನೋಡಿ, ಖಾಲಿಯಿದ್ದ ಬೆರಳುಗಳ ನಡುವೆ ಐದು ರೂಪಾಯಿಯ ನಾಣ್ಯವೊಂದನ್ನು ತುರುಕಿ ಹೋದರು. ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ಪರ್ಸ್ ಬಿಚ್ಚುತ್ತ ‘ಕಿತೀ?’ ಎಂದರು.

ಒಳಗಿನಿಂದ ಅಮ್ಮನ ದನಿ ಕೇಳಿಸಿತು: ‘ನಮ್ಮ ಕಡೆಯವರಿಗೆ ಫ್ರೀ ಅಂತ ಹೇಳು ಮಗಾ!’